ರೀಲ್ಸ್ ಮಾಡಲೋ, ಮ್ಯಾಪ್ ಸರಿಪಡಿಸಲೋ? ಆನ್‌ಲೈನ್ ಪ್ರಚಾರದ ಬಗ್ಗೆ ನಮ್ಮ ಕಡೆಯ ಅಂಗಡಿಕಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಅಂಗಡಿ, ಖಾನಾವಳಿ, ಕೋಚಿಂಗ್ ಕ್ಲಾಸು, ಮನೆಯಿಂದಲೇ ರೊಟ್ಟಿ-ಚಟ್ನಿ ಮಾರುವವರು, ಇಂಥವರ ಆನ್‌ಲೈನ್ ಪ್ರಚಾರ ನೋಡಿಕೊಳ್ಳುವುದು ನನ್ನ ಕೆಲಸ. ಫೋನ್ ಮಾಡುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಹೇಳಿದ್ದನ್ನೇ ಹೇಳಿ ಗಂಟಲು ನೋಯುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಬಿಟ್ಟಿದ್ದೇನೆ.

ದಿನಾ ಒಂದು ಹೊಸದು ಬರಾಕತ್ತೈತ್ರಿ. ಯಾವುದು ಹಿಡೀಬೇಕು, ಯಾವುದು ಬಿಡಬೇಕು?

ಹುಬ್ಬಳ್ಳಿಯ ದುರ್ಗದಬೈಲಿನ ಗಿರಮಿಟ್ ಗಾಡಿ ನೋಡಿ. 2016ರಲ್ಲಿ ಯುಪಿಐ ಬಂದಾಗ ಅದೂ ಹೊಸ ಶೋಕಿಯೇ. ಗಾಡಿಯವನನ್ನು ಕೂರಿಸಿಕೊಂಡು ಯಾರೂ ಸೆಮಿನಾರು ಮಾಡಲಿಲ್ಲ. ಆದರೆ ಗಿರಾಕಿ ಐನೂರರ ನೋಟು ಹಿಡಿದು ನಿಲ್ಲುವುದು, ಚಿಲ್ಲರೆಗೆಂದು ಗಾಡಿಯವ ಪಕ್ಕದ ಪಾನ್ ಅಂಗಡಿಗೆ ಓಡುವುದು, ಅಷ್ಟರಲ್ಲಿ ಎಣ್ಣೆಯಲ್ಲಿದ್ದ ಮಿರ್ಚಿ ಕರ್ರಗಾಗುವುದು, ಈ ತ್ರಾಸೆಲ್ಲ ತಪ್ಪಿತು. ಅದಕ್ಕೇ ಆ ಕ್ಯೂಆರ್ ಕೋಡಿನ ಹಲಗೆ ಇವತ್ತಿಗೂ ಗಾಡಿಗೆ ನೇತುಬಿದ್ದಿದೆ.

ಹೊಸದನ್ನು ಅಳೆಯಲು ನನ್ನ ಹತ್ತಿರ ಇರುವುದು ಅದೊಂದೇ ಅಳತೆ: ಇದರಿಂದ ಗಿರಾಕಿಯ ತ್ರಾಸು ಏನಾದರೂ ಕಡಿಮೆಯಾಗುತ್ತದೆಯೇ? ಆಗುತ್ತದೆಯೆಂದರೆ ಇವತ್ತು ಹೊಸದೆನಿಸಿದ್ದು ನಾಲ್ಕು ವರ್ಷಕ್ಕೆ ಬುನಾದಿಯಾಗಿರುತ್ತದೆ, ಲಗೂನೆ ಕಲಿತುಬಿಡಿ. ಬರೀ ಮಾರುವವನಿಗೆ ಹುರುಪು ಕೊಡುವಂಥದ್ದಾದರೆ ಆರು ತಿಂಗಳು ಕಟ್ಟೆಯ ಮೇಲೆ ಕೂತು ನೋಡಿದರೂ ಏನೂ ಕೆಡುವುದಿಲ್ಲ.

ಆರ್ಕುಟ್ ಎಂಬ ಸಾಮಾಜಿಕ ತಾಣ 2014ರಲ್ಲಿ ಬಾಗಿಲು ಹಾಕಿತು, ಗೂಗಲ್ ಪ್ಲಸ್ 2019ರಲ್ಲಿ. ಟಿಕ್‌ಟಾಕ್ ಮೇಲೆ 2020ರ ಜೂನ್ 29ರಂದು ನಿಷೇಧ ಬಿತ್ತು. ಬೆಂಗಳೂರಿನದೇ ಆದ 'ಕೂ' ಆ್ಯಪ್ 2024ರಲ್ಲಿ ನಿಂತಿತು. ಒಂದೊಂದರಲ್ಲೂ ಹಗಲು-ರಾತ್ರಿ ಕೂತು ಮಂದಿ ಕೂಡಿಸಿದವರಿದ್ದರು. ಆ್ಯಪ್ ಹೋದ ದಿನ ಕೂಡಿದ ಮಂದಿಯೂ ಅದರ ಜೊತೆಗೇ ಹೋದರು. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಯಲ್ಲಿ ಅಂಗಡಿ ಹಾಕಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ವ್ಯಾಪಾರ ಅಲ್ಲೇ ಜೋರು. ಆದರೆ ತೇರು ಎಳೆದ ಮರುದಿನ ಗಿರಾಕಿ ನಿಮ್ಮನ್ನು ಎಲ್ಲಿ ಹುಡುಕಬೇಕು ಎಂಬುದು ಆ ಗದ್ದಲದಲ್ಲೇ ಅವನಿಗೆ ಗೊತ್ತಾಗಿರಬೇಕು.

ಮಾತೆತ್ತಿದ್ರ ಬುನಾದಿ, ಬುನಾದಿ ಅಂತೀರಿ. ಅಂದ್ರ ಏನೇನ್ರಿ?

ಹುಡುಕಿದರೆ ಸಿಗಬೇಕು, ಫೋನ್ ಮಾಡಿದರೆ ಎತ್ತಬೇಕು, ರೇಟು ಮುಚ್ಚಿಡಬಾರದು, ಒಮ್ಮೆ ಬಂದವರ ನಂಬರು ಕೈಯಲ್ಲಿರಬೇಕು. ಉಳಿದದ್ದೆಲ್ಲ ಮಸಾಲೆ.

ಇದರಲ್ಲಿ ಅತಿ ಹೆಚ್ಚು ಜನ ಎಡವುವುದು ಮೊದಲನೆಯದರಲ್ಲೇ. ಹುಬ್ಬಳ್ಳಿಯ ಒಂದು ಖಾನಾವಳಿ. ಮಾಲೀಕರು ಆರು ತಿಂಗಳು ರೊಕ್ಕ ಕೊಟ್ಟು ರೀಲ್ಸ್ ಮಾಡಿಸಿದ್ದರು. ಬೆಳಕು ಚಲೋ, ಹಾಡು ಚಲೋ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡಿದರೆ ಹೊಟ್ಟೆ ತುಂಬಿದವನಿಗೂ ಹಸಿವಾಗಬೇಕು. ಮಂದಿ ಮಾತ್ರ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನೇ ಗೂಗಲ್ ಮ್ಯಾಪ್ ಹಾಕಿಕೊಂಡು ಹೊರಟೆ. ಅದು ನನ್ನನ್ನು ಹಿಂದಿನ ಓಣಿಗೆ ಒಯ್ದು ನಿಲ್ಲಿಸಿತು. ಮುಂದೆ ತುಕ್ಕು ಹಿಡಿದ ಶಟರ್, ಪಕ್ಕದಲ್ಲಿ ಪಾತ್ರೆ ತೊಳೆಯುವ ಮೋರಿ. ಅದು ಖಾನಾವಳಿಯ ಅಡುಗೆಮನೆಯ ಬೆನ್ನು! ನನ್ನ ಹಾಗೆಯೇ ಇನ್ನೂ ಇಬ್ಬರು ಹುಡುಗರು ಬೈಕ್ ಮೇಲೆ ಕೂತು ಮೇಲೆ-ಕೆಳಗೆ ನೋಡುತ್ತಿದ್ದರು. ಒಬ್ಬ "ಬಂದಾಗೇತಿ ಕಾಣ್ತೈತಿ, ನಡಿ" ಎಂದು ಗಾಡಿ ತಿರುಗಿಸಿಯೇಬಿಟ್ಟ.

ಪಿನ್ ಎತ್ತಿ ಮುಂಬಾಗಿಲಿಗೆ ಇಡಲು ಐದು ನಿಮಿಷ ಸಾಕಾಯಿತು. ಉಪಗ್ರಹದ ಚಿತ್ರ ಹಾಕಿಕೊಂಡು ನಿಮ್ಮ ಅಂಗಡಿಯ ಚಾವಣಿ ಗುರುತು ಸಿಗುವವರೆಗೂ ದೊಡ್ಡದು ಮಾಡಿ, ಪಿನ್ನನ್ನು ಬಾಗಿಲಿನ ಮೇಲೆ ಇಡಿ. ಬೋರ್ಡು ಕಾಣುವ ಹಾಗೆ ರಸ್ತೆಯ ಆಚೆಗೆ ನಿಂತು ಒಂದು ಫೋಟೊ ತೆಗೆದು ಹಾಕಿ. ರಾತ್ರಿ ಬರುವ ಗಿರಾಕಿಗಳಿದ್ದರೆ ರಾತ್ರಿಯದೂ ಒಂದು. ಚೆನ್ನಮ್ಮ ಸರ್ಕಲ್ ಸುತ್ತ ಮೇಲ್ಸೇತುವೆ ಕೆಲಸಕ್ಕೆಂದು ದಾರಿ ತಿರುಗಿಸಿದಾಗ "ಇವತ್ತು ಈ ಕಡೆಯಿಂದ ಬರ್ರಿ" ಎಂದು ಎರಡು ಸಾಲು, ಒಂದು ಫೋಟೊ ಹಾಕಿದ ಅಂಗಡಿಕಾರರು ನಿಜವಾಗಿ ಜಾಣರು. ಅಂಥ ಪೋಸ್ಟ್ ವೈರಲ್ ಆಗಬೇಕಿಲ್ಲ, ಆ ದಾರಿಗೆ ಬರುವವರ ಕಣ್ಣಿಗೆ ಬಿದ್ದರೆ ಮುಗಿಯಿತು.

ಮ್ಯಾಪಿನಾಗ ಎಲ್ಲಾರಕಿಂತ ಮ್ಯಾಲೆ ಬರಬೇಕಂದ್ರ ಏನ್ ಮಾಡ್ಬೇಕು?

ಗೂಗಲ್ ತಾನೇ ಬರೆದುಕೊಂಡಿರುವ ಪ್ರಕಾರ ಅದು ನೋಡುವುದು ಮುಖ್ಯವಾಗಿ ಮೂರು. ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಎಷ್ಟು ತಾಳೆಯಾಗುತ್ತದೆ, ಹುಡುಕುವವನಿಂದ ಅಂಗಡಿ ಎಷ್ಟು ದೂರ, ಊರಲ್ಲಿ ಅಂಗಡಿಯ ಹೆಸರು ಎಷ್ಟಿದೆ. ದೂರವನ್ನು ಕೊಂಡುಕೊಳ್ಳಲಾಗದು. ವಿದ್ಯಾನಗರದಲ್ಲಿ ನಿಂತವನಿಗೆ ವಿದ್ಯಾನಗರದ ಅಂಗಡಿಯೇ ಮೊದಲು ಕಾಣಬೇಕಾದದ್ದು, ಹಳೇ ಹುಬ್ಬಳ್ಳಿಯವರು ಅದಕ್ಕೆ ಹಳಹಳಿ ಮಾಡಿಕೊಳ್ಳಬೇಕಿಲ್ಲ. ನಿಮ್ಮ ಕೈಯಲ್ಲಿರುವುದು ತಾಳೆ ಮತ್ತು ಹೆಸರು. ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಪುಟಕ್ಕೆ, ಅಂದರೆ ಪ್ರೊಫೈಲಿಗೆ, ವಿಭಾಗ ಸರಿಯಾಗಿ ಆರಿಸಿ. ಖಾನಾವಳಿಯನ್ನು 'ಕಂಪನಿ' ಎಂದು ತುಂಬಿಸಿಟ್ಟವರನ್ನು ನೋಡಿದ್ದೇನೆ. ಹಬ್ಬ-ಅಮಾವಾಸ್ಯೆಗೆ ರಜೆಯಿದ್ದರೆ ಅಲ್ಲಿನ ಸಮಯವನ್ನು ಹಿಂದಿನ ದಿನವೇ ಬದಲಿಸಿ.

ಅಂಗಡಿಯ ಹೆಸರಿಗೆ 'ಬೆಸ್ಟ್ ಹುಬ್ಬಳ್ಳಿ ಚೀಪ್ ರೇಟ್' ಎಂದು ಬಾಲ ಅಂಟಿಸಬೇಡಿ. ಬೋರ್ಡಿನ ಮೇಲೆ ಏನಿದೆಯೋ ಅದೇ ಇರಬೇಕೆಂಬುದು ಗೂಗಲ್ ನಿಯಮ. ಯಾರಾದರೂ ದೂರಿದರೆ ಪ್ರೊಫೈಲೇ ಅಮಾನತಾಗಬಹುದು.

'ಹುಬ್ಬಳ್ಳಿ' ಅಂತ ಬರೀಬೇಕೋ, 'ಹುಬ್ಳಿ' ಅಂತೋ?

ಚಲೋ ಪ್ರಶ್ನೆ. ದೊಡ್ಡ ಊರಿನ ತರಬೇತಿಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಅದರಲ್ಲಿ ನಮ್ಮ ಊರೂ ಒಂದು. ರೈಲ್ವೆ ಬೋರ್ಡು ಬದಲಾಯಿತು, ಸರ್ಕಾರಿ ಕಾಗದ ಬದಲಾಯಿತು, ಬೆರಳಿನ ರೂಢಿ ಬದಲಾಗಲಿಲ್ಲ. ಇವತ್ತಿಗೂ ಎಷ್ಟೋ ಜನ ಇಂಗ್ಲಿಷಿನಲ್ಲಿ ಹಳೆಯ ಐದಕ್ಷರವನ್ನೇ (Hubli) ಒತ್ತುತ್ತಾರೆ. ಹೊರಗಿನವರಂತೂ ಅದನ್ನೇ. ಬ್ಯಾಡಗಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಹೋದರೆ ನಾಲ್ಕು ಮಂದಿಗೆ ನಾಲ್ಕು ಥರ.

ಅಧಿಕೃತ ಹೆಸರನ್ನು ವಿಳಾಸದಲ್ಲಿ ಇಡಿ. ನಿಮ್ಮ ವೆಬ್‌ಸೈಟಿನಲ್ಲಿ, ವಿವರಣೆಯಲ್ಲಿ ಹಳೆಯ ಇಂಗ್ಲಿಷ್ ರೂಪವೂ ಕನ್ನಡ ರೂಪವೂ ಒಂದೊಂದು ಸಲ ಸಹಜವಾಗಿ ಬರಲಿ. "ಹುಬ್ಬಳ್ಳಿ ರೈಲ್ವೆ ನಿಲ್ದಾಣದಿಂದ ಇಷ್ಟು ದೂರ" ಎಂದು ಬರೆದರೆ ಓದುವವನಿಗೂ ಉಪಯೋಗ, ಹುಡುಕುವ ಯಂತ್ರಕ್ಕೂ ಉಪಯೋಗ. ಓಣಿಯ ಹೆಸರು, ಹತ್ತಿರದ ಗುಡಿ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಯಾವ ನಿಲ್ದಾಣದಲ್ಲಿ ಇಳಿಯಬೇಕು ಎಂಬುದನ್ನೂ ಬರೆಯಿರಿ. ನಮ್ಮ ಕಡೆ ಮಂದಿ ದಾರಿ ಕೇಳುವುದೇ ಹಾಗೆ.

ಹಂಗಾದ್ರ ರೀಲ್ಸ್ ಬ್ಯಾಡೇನ್ರಿ? ಎಲ್ಲಾರೂ ಮಾಡಾಕತ್ತಾರ...

ಮಾಡಿ. ಆದರೆ ಧಾರವಾಡದ ನಮ್ಮ ರೊಟ್ಟಿ ಅಕ್ಕಾರ ಕಥೆ ಕೇಳಿ ಮಾಡಿ.

ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಮಗಳು ಒಂದು ದಿನ ಅವರ ಕೈಯನ್ನಷ್ಟೇ ಹತ್ತಿರದಿಂದ ವಿಡಿಯೊ ಮಾಡಿದಳು. ಹಿಟ್ಟಿನ ಮುದ್ದೆ, ತಟ್ಟುವ ಪಟಪಟ ಸಪ್ಪಳ, ಹಂಚಿನ ಮೇಲೆ ನೀರು ಸವರುವ ಅರಿವೆ. ಹಾಡಿಲ್ಲ, ಮಾತಿಲ್ಲ. ಲಕ್ಷಗಟ್ಟಲೆ ಮಂದಿ ನೋಡಿದರು. ಮರುದಿನ ಫೋನಿನಲ್ಲಿ ರಾಶಿ ಮೆಸೇಜು, ಮುಕ್ಕಾಲು ಪಾಲು ಒಂದೇ ಮಾತು: "ರೇಟ್ ಎಷ್ಟ್ರಿ?" ಅಕ್ಕಾರ ಕೈಯಲ್ಲಿ ಹಿಟ್ಟು. ಒಂದಕ್ಕೆ ಉತ್ತರ ಬರೆಯಲು ಕೈ ತೊಳೆದು, ಒರೆಸಿ, ಅಕ್ಷರ ಹುಡುಕಿ ಒತ್ತಬೇಕು. ನಾನು ಹೋದಾಗ ಫೋನಿನ ಗಾಜಿನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಒಣಗಿತ್ತು. "ತಮ್ಮಾ, ಇದು ವ್ಯಾಪಾರನೋ ಶಿಕ್ಷಾನೋ?" ಎಂದರು. ರಾತ್ರಿ ಒಂಬತ್ತಕ್ಕೆ ಉತ್ತರ ಕಳಿಸುವ ಹೊತ್ತಿಗೆ ಕೇಳಿದವರು ಮರೆತು ಮಲಗಿರುತ್ತಿದ್ದರು. ದಿಲ್ಲಿಯಿಂದ ಆರ್ಡರ್ ಕೊಟ್ಟವರಿಗೆ ಕಳಿಸಿದ ರೊಟ್ಟಿ ಕೊರಿಯರಿನಲ್ಲಿ ಪುಡಿಪುಡಿ.

ಹೊಸ ವಿಡಿಯೊ ಎರಡು ವಾರ ನಿಲ್ಲಿಸಿದೆವು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿದೆವು: ಹತ್ತು ರೊಟ್ಟಿಯ ಕಟ್ಟು, ಅದರ ಫೋಟೊ, ರೇಟು. ಅಲ್ಲಿ 500 ವಸ್ತುಗಳವರೆಗೆ ಇಡಬಹುದು, ಅಕ್ಕಾರಿಗೆ ಬೇಕಾದದ್ದು ಒಂಬತ್ತು. ಯಾರು ಮೆಸೇಜ್ ಮಾಡಿದರೂ ಮೊದಲ ಉತ್ತರ ತಾನಾಗಿ ಹೋಗುವಂತೆ ಇಟ್ಟೆವು: ರೇಟು, ಯಾವ ಯಾವ ಬಡಾವಣೆಗೆ ಯಾವ ದಿನ ಡೆಲಿವರಿ, ಹೊರಗಿನ ಊರಿಗೆ ಚಟ್ನಿ ಮಾತ್ರ. ಆಮೇಲೆ ಹಾಕಿದ ಎರಡನೆಯ ರೀಲ್ಸ್ ಮೊದಲನೆಯದರ ಹತ್ತಿರಕ್ಕೂ ಹೋಗಲಿಲ್ಲ. ಆದರೆ ಅದರಲ್ಲಿ ಅಕ್ಕಾರೇ ಎದುರಿಗೆ ಬಂದು "ಬುಧವಾರ ಸಪ್ತಾಪುರ, ಶುಕ್ರವಾರ ವಿದ್ಯಾಗಿರಿ" ಎಂದಿದ್ದರು. ಆರ್ಡರು ಬಂದದ್ದು ಇದರಿಂದ.

ರೀಲ್ಸ್ ನಿಮ್ಮ ಅಂಗಡಿಗೆ ಮಂದಿಯನ್ನು ತಂದು ನಿಲ್ಲಿಸುತ್ತದೆ, ಅಷ್ಟೇ. ಅಂಗಡಿಯೊಳಗೆ ಸಾಮಾನಿಲ್ಲದಿದ್ದರೆ ನಿಂತ ಮಂದಿ ಬೈದುಕೊಂಡು ಹೋಗುತ್ತಾರೆ.

ವಾಟ್ಸಾಪ್‌ನಾಗ ಎಲ್ಲಾರಿಗೂ ದಿನಾ ಗುಡ್ ಮಾರ್ನಿಂಗ್ ಕಳಸ್ತೀನ್ರಿ, ಆದ್ರೂ ವ್ಯಾಪಾರಿಲ್ಲ.

ಅದಕ್ಕೇ ಇಲ್ಲ! ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು ಎಂದು ಖುಷಿಪಡುತ್ತೀರಿ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಗಿರಾಕಿ ನಿಮ್ಮ ನಂಬರು ಸೇವ್ ಮಾಡಬೇಕಾದರೆ ಅವನಿಗೆ ಕಾರಣ ಬೇಕು. ಪೀಠೋಪಕರಣದ ಅಂಗಡಿಯೊಂದರಲ್ಲಿ ಬಿಲ್ ಕೊಡುವಾಗ "ಈ ನಂಬರ್ ಇಟ್ಕೊಳ್ರಿ, ಕುರ್ಚಿ ಕಾಲು ಅಲ್ಲಾಡಿದ್ರ ಒಂದ್ ಫೋಟೊ ಕಳಿಸ್ರಿ, ಹುಡುಗನ್ನ ಕಳಸ್ತೀನಿ" ಎನ್ನುತ್ತಾರೆ. ಯಾರು ಸೇವ್ ಮಾಡುವುದಿಲ್ಲ ಹೇಳಿ?

ತಿಂಗಳಿಗೆ ಎರಡು ಮೆಸೇಜು ಸಾಕು, ಅದರಲ್ಲಿ ಸುದ್ದಿಯಿರಬೇಕು. ಹೊಸ ಮಾಲು ಬಂತು, ಬ್ಯಾಡಗಿ ಮೆಣಸಿನಕಾಯಿ ರೇಟು ಇಳಿಯಿತು, ಪಂಚಮಿಗೆ ಉಂಡಿ ಆರ್ಡರು ಇಂಥ ದಿನದವರೆಗೆ. ಸೂರ್ಯೋದಯದ ಚಿತ್ರ ಕಳಿಸುವವರನ್ನು ಮಂದಿ ಬ್ಲಾಕ್ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಎಲ್ಲಿಂದಲೋ ಕೊಂಡ ನಂಬರಿನ ಪಟ್ಟಿಯನ್ನಂತೂ ಮುಟ್ಟಬೇಡಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹುರುಳೇ ಒಪ್ಪಿಗೆ.

ವೆಬ್‌ಸೈಟ್ ಬೇಕೇನ್ರಿ ಈಗಿನ ಕಾಲದಾಗ?

ಒಂದೇ ಪುಟ ಇದ್ದರೂ ಬೇಕು, ಹೆಸರು ಮಾತ್ರ ನಿಮ್ಮದೇ ಖಾತೆಯಲ್ಲಿರಬೇಕು. ಗೂಗಲ್ ಪ್ರೊಫೈಲಿನ ಜೊತೆ ಪುಕ್ಕಟೆ ವೆಬ್‌ಸೈಟ್ ಸಿಗುತ್ತಿತ್ತಲ್ಲ, ನಾನೇ ಎಷ್ಟೋ ಮಂದಿಗೆ ಮಾಡಿಕೊಟ್ಟಿದ್ದೆ. 2024ರ ಮಾರ್ಚಿನಲ್ಲಿ ಗೂಗಲ್ ಅದನ್ನು ನಿಲ್ಲಿಸಿಬಿಟ್ಟಿತು. ವಿಸಿಟಿಂಗ್ ಕಾರ್ಡಿನ ಮೇಲೆ ಆ ವಿಳಾಸ ಛಾಪಿಸಿದ್ದವರಿಗೆ ನಾನು ಮುಖ ತೋರಿಸಲು ಸಂಕೋಚಪಟ್ಟೆ.

ಅದಕ್ಕಿಂತ ದೊಡ್ಡ ಏಟು ನನಗೇ ಬಿದ್ದಿದೆ. ಈ ಧಂದೆಗೆ ಹೊಸದಾಗಿ ಇಳಿದಾಗ ನನ್ನ ವೆಬ್‌ಸೈಟನ್ನು ಒಂದು ಏಜೆನ್ಸಿಗೆ ಕೊಟ್ಟಿದ್ದೆ. ಅವರು ಡೊಮೇನನ್ನು, ಅಂದರೆ ವೆಬ್‌ಸೈಟಿನ ಹೆಸರನ್ನು, ತಮ್ಮ ಇಮೇಲಿನಲ್ಲಿ ನೋಂದಾಯಿಸಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂರನೆಯ ವರ್ಷ ಅವರು ಅಂಗಡಿ ಮುಚ್ಚಿದರು, ನವೀಕರಣದ ನೆನಪೋಲೆ ಯಾರೂ ನೋಡದ ಇಮೇಲಿಗೆ ಹೋಯಿತು, ಹೆಸರು ಬೇರೆಯವರ ಪಾಲಾಯಿತು. ಊರಿಗೆಲ್ಲ ಬುನಾದಿಯ ಪಾಠ ಹೇಳುವವನ ಬುನಾದಿಯೇ ಹೀಗೆ ಕಿತ್ತು ಹೋಗಿತ್ತು. ಅಂದಿನಿಂದ ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ: ಡೊಮೇನ್ ಯಾರ ಇಮೇಲಿನಲ್ಲಿದೆ? ಪೇಜಿನ ಅಡ್ಮಿನ್ ಯಾರು? ಹೊಲದ ಉತಾರದಲ್ಲಿ ಯಾರ ಹೆಸರಿದೆ ಎಂದು ನೋಡದೆ ಯಾರಾದರೂ ಬಿತ್ತನೆಗೆ ರೊಕ್ಕ ಹಾಕುತ್ತಾರೆಯೇ?

ಗೂಗಲ್ ಫಸ್ಟ್ ಪೇಜ್ ಗ್ಯಾರಂಟಿ ಅಂತ ಫೋನ್ ಬರ್ತಾವ. ನಂಬ್ಲೇನ್ರಿ?

ಬೇಡ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದಿದೆ. ನೀವು ನಿಮ್ಮದೇ ಅಂಗಡಿಯ ಪೂರ್ತಿ ಹೆಸರು ಹಾಕಿ ಹುಡುಕಿದಾಗ ಮೊದಲು ಬಂದದ್ದನ್ನು ತೋರಿಸಿ ರೊಕ್ಕ ಎಣಿಸಿಕೊಂಡು ಹೋಗುತ್ತಾರೆ.

ಈಗ ಎಲ್ಲಾ ಎಐ ಆತಂತ. ಮಂದಿ ಗೂಗಲ್ ಬಿಟ್ಟು ಚಾಟ್‌ಜಿಪಿಟಿ ಕೇಳ್ತಾರ. ಎಸ್‌ಇಒ ಸತ್ತೈತೇನು?

ಎಸ್‌ಇಒ, ಅಂದರೆ ಹುಡುಕಾಟದಲ್ಲಿ ನಿಮ್ಮ ಪುಟ ಮೇಲೆ ಕಾಣುವಂತೆ ಮಾಡುವ ಕೆಲಸ, ಸತ್ತಿತು ಎಂಬ ಸುದ್ದಿ ನನ್ನ ಕಿವಿಗೆ ಬೀಳುವುದು ಇದು ಎಷ್ಟನೆಯ ಸಲವೋ! ಆದರೆ ಬದಲಾವಣೆ ಸುಳ್ಳಲ್ಲ. 2024ರ ಆಗಸ್ಟಿನಿಂದ ಗೂಗಲ್ ಭಾರತದಲ್ಲೂ ಹುಡುಕಾಟದ ಮೇಲ್ಗಡೆ ಎಐ ಬರೆದ ಉತ್ತರ ತೋರಿಸುತ್ತಿದೆ. "ಮೊಬೈಲ್ ಗಾಜು ಒಡೆದರೆ ಏನು ಮಾಡಬೇಕು" ಎಂಬಂಥ ಸಾಮಾನ್ಯ ಲೇಖನ ಬರೆದು ಮಂದಿ ಸೆಳೆಯುತ್ತಿದ್ದವರಿಗೆ ಪೆಟ್ಟು ಬಿದ್ದಿದೆ. ಉತ್ತರ ಅಲ್ಲೇ ಸಿಕ್ಕಮೇಲೆ ನಿಮ್ಮ ಪುಟಕ್ಕೆ ಯಾಕೆ ಬರಬೇಕು?

ಆದರೆ ಗಾಜು ಹಾಕಿಸಲು ಕೊಪ್ಪಿಕರ್ ರಸ್ತೆಗೇ ಬರಬೇಕು. ಯಾವ ಅಂಗಡಿ, ಎಷ್ಟು ರೇಟು, ಎಷ್ಟು ಹೊತ್ತು, ಭಾನುವಾರ ತೆರೆದಿದೆಯೇ ಎಂಬುದನ್ನು ಎಐ ತಾನಾಗಿ ಹುಟ್ಟಿಸಲಾರದು, ಎಲ್ಲೋ ಬರೆದಿಟ್ಟದ್ದನ್ನೇ ಎತ್ತಿ ಹೇಳಬೇಕು. ನೀವು ಬರೆದಿಡದಿದ್ದರೆ ಬರೆದಿಟ್ಟ ಪಕ್ಕದ ಅಂಗಡಿಯ ಹೆಸರು ಹೇಳುತ್ತದೆ. ಎಐ ಉತ್ತರದಲ್ಲಿ ಕಾಣಿಸಿಕೊಳ್ಳಲು ಬೇರೆ ವಿಶೇಷ ಕಸರತ್ತು ಬೇಕಿಲ್ಲವೆಂದು ಗೂಗಲ್ ಹೇಳುತ್ತದೆ. ಹೊಸ ಮೂರಕ್ಷರದ ಹೆಸರಿಟ್ಟು ಪ್ಯಾಕೇಜು ಮಾರುವವರು ಬಂದರೆ, ಹಳೆಯ ಪ್ಯಾಕೇಜಿಗಿಂತ ಇದರಲ್ಲಿ ಏನು ಹೆಚ್ಚು ಎಂದು ಕೇಳಿ ನೋಡಿ. ಅವರ ಮುಖ ನೋಡುವಂತಿರುತ್ತದೆ.

ಬರೆಯಲು ಎಐ ಬಳಸಬಹುದೇ? ನಾನು ಬಳಸುತ್ತೇನೆ, ಪಟ್ಟಿ ಮಾಡಲು, ಇಂಗ್ಲಿಷ್ ಕಾಗುಣಿತ ತಿದ್ದಲು. ಕನ್ನಡ ಮಾತ್ರ ನಾನೇ ಬರೆಯುತ್ತೇನೆ. ಒಮ್ಮೆ ಅದು ನಮ್ಮ ಖಾನಾವಳಿಗೆ "ನಿಮ್ಮ ರುಚಿ ಮೊಗ್ಗುಗಳಿಗೆ ಅದ್ಭುತ ಪ್ರಯಾಣ" ಎಂದು ಬರೆದುಕೊಟ್ಟಿತು. ಮಾಲೀಕರು ಎರಡು ಸಲ ಓದಿ, "ಇದು ಬಸ್ಸಿಂದೇನ್ರಿ?" ಎಂದರು.

ಬೂಸ್ಟ್ ಬಟನ್ ಒತ್ತಿದ್ರ ರೊಕ್ಕ ಹೋಗತೈತಿ, ಗಿರಾಕಿ ಬರಂಗಿಲ್ಲ. ಯಾಕ?

ಬೂಸ್ಟ್ ಎಂದರೆ ರೊಕ್ಕ ಕೊಟ್ಟು ನಿಮ್ಮ ಪೋಸ್ಟನ್ನು ಹೆಚ್ಚು ಮಂದಿಗೆ ತೋರಿಸುವುದು. ಅದು ಯಾವ ಊರಿಗೆ ಹೋಗುತ್ತಿದೆ ಎಂದು ಮೊದಲು ನೋಡಿ. ನವಲಗುಂದದ ಹಾರ್ಡ್‌ವೇರ್ ಅಂಗಡಿಯ ಜಾಹೀರಾತು ಇಡೀ ಭಾರತಕ್ಕೆ ಓಡುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಲೈಕುಗಳು ಬೇಕಾದಷ್ಟು, ಒಬ್ಬರಿಗೂ ನವಲಗುಂದ ಎಲ್ಲಿದೆ ಗೊತ್ತಿಲ್ಲ. ಅಂಗಡಿಯ ಸುತ್ತ ಹತ್ತಿಪ್ಪತ್ತು ಕಿಲೋಮೀಟರಿಗೆ ಗೆರೆ ಹಾಕಿ. ಆಮೇಲೆ ಉದ್ದೇಶ: ಲೈಕು ಬೇಕೆಂದು ಹೇಳಿದರೆ ಲೈಕನ್ನೇ ತಂದುಕೊಡುತ್ತದೆ, ಅದು ವಿಧೇಯ ಯಂತ್ರ. ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ನಮ್ಮ ಕಡೆಯ ಅಂಗಡಿಗಳಿಗೆ ಸಾಮಾನ್ಯವಾಗಿ ಹೊಂದುತ್ತದೆ. ಖರ್ಚು ಲೆಕ್ಕ ಹಾಕುವಾಗ ಶೇ 18ರ ಜಿಎಸ್‌ಟಿ ಮರೆಯಬೇಡಿ.

ಇನ್‌ಫ್ಲುಯೆನ್ಸರ್ ಕರಸಿದ್ರ ಹೆಂಗ?

ಅವರ ಹಿಂಬಾಲಕರ ಸಂಖ್ಯೆ ನೋಡಬೇಡಿ, ಕೊನೆಯ ಹತ್ತು ವಿಡಿಯೊಗಳ ಕಾಮೆಂಟು ಓದಿ. "ಇದು ಎಲ್ಲಿ ಬರ್ತೈತ್ರಿ?", "ಪಾರ್ಕಿಂಗ್ ಐತೇನು?" ಎಂದು ಕೇಳುವವರಿದ್ದರೆ ಅವರು ಬರುವ ಮಂದಿ. ಬರೀ ಬೆಂಕಿಯ ಚಿತ್ರಗಳಿದ್ದರೆ ಕೈ ಮುಗಿದು ಬಿಡಿ. ರೊಕ್ಕ ಅಥವಾ ಪುಕ್ಕಟೆ ಊಟ ಕೊಟ್ಟು ಮಾಡಿಸಿದ್ದಾದರೆ ಅದು ಜಾಹೀರಾತು ಎಂದು ವಿಡಿಯೊದಲ್ಲೇ ಕಾಣಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ.

ರಿವ್ಯೂ ಕೊಂಡ್ಕೊಂಡ್ರ ತಪ್ಪೇನು? ಎದುರಿನಂಗಡಿಯವ್ರೂ ಕೊಂಡಾರ.

ರಿವ್ಯೂ ಎನ್ನುವುದು ಹೊಸ ಹೆಸರು, ನಮ್ಮ ಕಡೆ ಇದಕ್ಕೆ ಹಳೆಯ ಮಾತಿದೆ: ಪತ್ತು, ಅಂದರೆ ಮಂದಿ ಇಟ್ಟ ನಂಬಿಕೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದವರು ಪತ್ತನ್ನೇ ಬಂಡವಾಳ ಮಾಡಿಕೊಂಡವರು. ಅದನ್ನು ಅಂಗಡಿಯಲ್ಲಿ ಕೊಂಡು ತರಲು ಬರುವಂತಿದ್ದರೆ ಅದು ಪತ್ತೇ ಅಲ್ಲ. ವ್ಯವಹಾರದ ಮಾತಾಡಬೇಕೆಂದರೆ, ಒಂದೇ ವಾರದಲ್ಲಿ ನಲವತ್ತು ಐದು-ನಕ್ಷತ್ರ, ಎಲ್ಲದರಲ್ಲೂ 'ನೈಸ್ ಸರ್ವಿಸ್' ಎಂದಿದ್ದರೆ ಹೈಸ್ಕೂಲು ಹುಡುಗನಿಗೂ ತಿಳಿಯುತ್ತದೆ. ರಿವ್ಯೂಗೆ ರೊಕ್ಕ, ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೂ ವಿರುದ್ಧ.

ಕೇಳಿ ಪಡೆಯಿರಿ. ಗದಗದ ಪ್ರೆಸ್ಸಿನಲ್ಲಿ ಬಿಲ್ ಪುಸ್ತಕ ಮುದ್ರಿಸಲು ಕೊಡುತ್ತೀರಲ್ಲ, ಮುಂದಿನ ಸಲ ಕೆಳಗೆ ರಿವ್ಯೂ ಕ್ಯೂಆರ್ ಕೂಡ ಹಾಕಿಸಿ. ಕೆಟ್ಟ ರಿವ್ಯೂ ಬಂದರೆ ಆ ದಿನವೇ ಉತ್ತರ ಬರೆಯಬೇಡಿ, ಒಂದು ರಾತ್ರಿ ಮಲಗಿ ಎದ್ದು ಬರೆಯಿರಿ. ನಿಮ್ಮ ಉತ್ತರವನ್ನು ಬೈದವನು ಒಬ್ಬ ಓದಿದರೆ ಹೊಸ ಗಿರಾಕಿಗಳು ನೂರು ಮಂದಿ ಓದುತ್ತಾರೆ.

ನಾನು ಬ್ಯಾಡಗಿಯಿಂದ ಮೆಣಸಿನಕಾಯಿ ಆನ್‌ಲೈನ್ ಮಾರ್ತೀನಿ. ನನ್ನ ಗಿರಾಕಿ ಊರಾಗಿಲ್ಲ. ನನಗೂ ಇದಽ ಲೆಕ್ಕಾನ?

ನಿಮಗೆ ಮ್ಯಾಪಿನ ಪಿನ್ನಿಗಿಂತ ಬರಹ ಮುಖ್ಯ. ಹೊರಗಿನ ಗಿರಾಕಿ ಫೋನಿನಲ್ಲಿ ಏನು ಕೇಳುತ್ತಾನೆ? "ಖಾರ ಎಷ್ಟು? ಡಬ್ಬಿಗೂ ಕಡ್ಡಿಗೂ ಏನು ಫರಕು? ಹಳೇ ಮಾಲೋ ಹೊಸದೋ?" ಅದನ್ನೇ ಬರೆಯಿರಿ. ಬ್ಯಾಡಗಿಯ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದು ನಮಗೆ ಹುಟ್ಟಿನಿಂದ ಗೊತ್ತು, ಅವನಿಗೆ ಗೊತ್ತಿಲ್ಲ. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳೇ. ಡಬ್ಬಿ ಗಿಡ್ಡ, ದುಂಡು. ಕಡ್ಡಿ ಉದ್ದ, ತೆಳ್ಳಗೆ. ಎರಡನ್ನೂ ಬಿಳಿ ಬಟ್ಟೆಯ ಮೇಲೆ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟು ಫೋಟೊ ತೆಗೆಯಿರಿ, ಒಂದನ್ನು ಮುರಿದು ಬೀಜ ಕಾಣುವ ಹಾಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದನ್ನು ಹೇಳಿ, ಆದರೆ ಬರೀ ಅದನ್ನೇ ಹೇಳಿ ಮುಗಿಸಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ. ಪ್ಯಾಕೆಟಿನ ಮೇಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಪುಟದಲ್ಲೂ ಕಾಣಲಿ.

ಹಂಗಾಮು ನಿಮ್ಮ ಕ್ಯಾಲೆಂಡರು. ಬೇಸಿಗೆಯಲ್ಲಿ ವರ್ಷದ ಖಾರದ ಪುಡಿ ಕುಟ್ಟಿಸುವ ಮನೆಗಳಿಗೆ ಮುಂಚಿತವಾಗಿಯೇ ನೆನಪಿಸಬೇಕು. ಟ್ರೆಂಡಿಂಗ್ ಹಾಡಿಗೆ ಮೆಣಸಿನಕಾಯಿ ಕುಣಿಸಬೇಕೆಂದರೆ ಕುಣಿಸಿ, ತಕರಾರಿಲ್ಲ. ಡಬ್ಬಿ-ಕಡ್ಡಿಯ ಆ ಪುಟ ಮಾತ್ರ ಹಾಡು ಮರೆತುಹೋದ ಮೇಲೂ ವರ್ಷಾನುಗಟ್ಟಲೆ ಗಿರಾಕಿ ತರುತ್ತಿರುತ್ತದೆ. ಸಪ್ತಾಪುರದ ಕೋಚಿಂಗ್ ಕ್ಲಾಸಿನವರಿಗೂ ಇದೇ ಉತ್ತರ: ಪರೀಕ್ಷೆಯ ಪಠ್ಯಕ್ರಮವನ್ನು ಬಿಡಿಸಿ ಹೇಳಿದ ಹಳೆಯ ವಿಡಿಯೊ ಇನ್ನೂ ದುಡಿಯುತ್ತದೆ, ಟಾಪರ್ ಸನ್ಮಾನದ ರೀಲ್ಸ್ ವಾರಕ್ಕೆ ಮುಗಿಯುತ್ತದೆ.

ನೀವು ಎಡವಿಲ್ಲೇನ್ರಿ ಎಂದೂ?

ಡೊಮೇನಿನ ಕಥೆ ಹೇಳಿದೆನಲ್ಲ. ಇನ್ನೊಂದು ಇದೆ. 2021ರ ಮೇ ತಿಂಗಳಲ್ಲಿ ಮಂದಿ ಗುಂಪಾಗಿ ಮಾತಾಡುವ ಕ್ಲಬ್‌ಹೌಸ್ ಆ್ಯಪ್ ಆಂಡ್ರಾಯ್ಡಿಗೆ ಬಂತು. ಲಾಕ್‌ಡೌನ್, ಎಲ್ಲರೂ ಮನೆಯಲ್ಲಿ, ಕನ್ನಡದ ಕೋಣೆಗಳಲ್ಲಿ ರಾತ್ರಿಯಿಡೀ ಮಾತು. ನಾನು ಗದಗ-ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರಿಗೆ "ಕಾಕಾ, ಮುಂದಿನದೆಲ್ಲ ಇದರಾಗ ಐತ್ರಿ" ಎಂದು ಹುರಿದುಂಬಿಸಿ ಕೂರಿಸಿದೆ. ಪಾಪ, ಮೂರು ವಾರ ರಾತ್ರಿ ಹನ್ನೊಂದರವರೆಗೂ ನೇಯ್ಗೆಯ ಬಗ್ಗೆ ಮಾತಾಡಿದರು. ಒಂದು ದಿನ ಅವರೇ ಸಾವಕಾಶ ಕೇಳಿದರು: "ಅಲ್ಲೋ ತಮ್ಮಾ, ಸೀರಿ ಕಣ್ಣಿಗೆ ಕಾಣಬೇಕಲ್ಲ?" ಬರೀ ದನಿಯ ಆ್ಯಪಿನಲ್ಲಿ ಸೀರೆ ಮಾರಲು ಹೊರಟಿದ್ದೆ ನಾನು!

ಅದೇ ದಿನಗಳಲ್ಲಿ ಅವರ ಮನೆಯ ಕಾಕಿ ಯಾರನ್ನೂ ಕೇಳದೆ ವಾಟ್ಸಾಪ್ ವಿಡಿಯೊ ಕಾಲಿನಲ್ಲಿ ಹಳೆಯ ಗಿರಾಕಿಗಳಿಗೆ ಸೆರಗು ಬಿಡಿಸಿ ತೋರಿಸುತ್ತಿದ್ದರು. ಕಿಟಕಿಯ ಬೆಳಕಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ, ಬಣ್ಣದ ಬಗ್ಗೆ ಆಮೇಲೆ ತಂಟೆ ಬರಬಾರದೆಂದು. ಆ ಪದ್ಧತಿ ಇವತ್ತಿಗೂ ನಡೆದಿದೆ. ಮೊದಲ ಉತ್ತರದಲ್ಲಿ ಹೇಳಿದ ಅಳತೆಯನ್ನು ನಾನು ಕಲಿತದ್ದು ಆ ಕಾಕಿಯಿಂದ.

ಯಾವುದು ಕೆಲಸ ಮಾಡಾಕತ್ತೈತಿ ಅಂತ ತಿಳಿಯೋದು ಹೆಂಗ?

ಕಿರ್ದಿಯಲ್ಲಿ ಒಂದು ಕಾಲಂ ಹೆಚ್ಚು ಹಾಕಿ. ಹೊಸ ಗಿರಾಕಿ ಬಂದರೆ "ನಮ್ಮಂಗಡಿ ಹೆಂಗ ಗೊತ್ತಾತ್ರಿ?" ಎಂದು ಕೇಳಿ, ಒಂದಕ್ಷರ ಬರೆಯಿರಿ. ಮ್ಯಾಪಿಗೆ ಮ, ರೀಲ್ಸಿಗೆ ರೀ, ಬಾಯಿಮಾತಿಗೆ ಬಾ, ಬೋರ್ಡು ನೋಡಿ ಬಂದವರಿಗೆ ಬೋ. ತಿಂಗಳ ಕೊನೆಗೆ ಎಣಿಸಿ. ಆ್ಯಪ್‌ಗಳ ಡ್ಯಾಶ್‌ಬೋರ್ಡು ತೋರಿಸುವ ರೀಚು, ಇಂಪ್ರೆಶನ್ನು (ಎಷ್ಟು ಮಂದಿಗೆ ಮುಟ್ಟಿತು, ಎಷ್ಟು ಸಲ ಕಂಡಿತು) ನೋಡಲು ಚೆಂದ, ಆದರೆ ಗಲ್ಲೆಯಲ್ಲಿ ಕೂತು ಬರೆದ ಈ ಕಾಲಂ ಸುಳ್ಳು ಹೇಳುವುದು ಕಡಿಮೆ. ಹೊಸದೇನಾದರೂ ಪರೀಕ್ಷೆ ಮಾಡುವುದಿದ್ದರೆ ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ಅವಧಿ ಹಾಕಿಕೊಳ್ಳಿ, ಗಣಪತಿಯಿಂದ ದೀಪಾವಳಿ ಎಂದಿರಲಿ. ಅಷ್ಟರಲ್ಲಿ ಕಾಲಮ್ಮಿನಲ್ಲಿ ಅದರ ಅಕ್ಷರ ಕಾಣದಿದ್ದರೆ ಬಿಟ್ಟುಬಿಡಿ. ಹೋದ ರೊಕ್ಕದ ಬೆನ್ನು ಹತ್ತಿ ಇನ್ನಷ್ಟು ಹಾಕಬೇಡಿ.

ಇವತ್ತು ಅಂಗಡಿ ಮುಚ್ಚೋದ್ರೊಳಗ ಒಂದಽ ಕೆಲಸ ಮಾಡಬೇಕಂದ್ರ ಏನ್ ಮಾಡ್ಲಿ?

ಬೇರೆಯವರ ಫೋನ್ ಇಸಿದುಕೊಳ್ಳಿ, ನಿಮ್ಮದರಲ್ಲಿ ಬೇಡ. ನಿಮ್ಮ ಅಂಗಡಿಯ ಹೆಸರು ಹಾಕದೆ, ನೀವು ಮಾರುವ ವಸ್ತು ಮತ್ತು ಓಣಿಯ ಹೆಸರು ಹಾಕಿ ಹುಡುಕಿ. ನಿಮ್ಮದು ಸಿಕ್ಕರೆ ಸಮಯ ನೋಡಿ, ಫೋಟೊ ನೋಡಿ, ದಾರಿ ಒತ್ತಿ ಅದು ಹೇಳಿದ ಹಾಗೆ ನಡೆದು ಹೋಗಿ ನೋಡಿ. ಕೊನೆಗೆ ಅಲ್ಲಿರುವ ನಂಬರಿಗೆ ಫೋನ್ ಮಾಡಿ.

ಹಾವೇರಿಯ ಏಲಕ್ಕಿ ಹಾರದ ವ್ಯಾಪಾರಿಯೊಬ್ಬರಿಗೆ ಇದನ್ನೇ ಮಾಡಲು ಹೇಳಿದ್ದೆ. ಅವರು ಫೋನ್ ಮಾಡಿದರೆ ಎತ್ತಿದ್ದು ಬೆಂಗಳೂರಿನಲ್ಲಿ ನೌಕರಿ ಮಾಡುವ ಅವರ ಮಗ. ಮೂರು ವರ್ಷದ ಹಿಂದೆ ಪ್ರೊಫೈಲ್ ಮಾಡಿಕೊಡುವಾಗ ತನ್ನ ನಂಬರೇ ಹಾಕಿ ಮರೆತಿದ್ದ. "ಅಪ್ಪಾ, ಈಗರೆ ಕೇಳಿದಿರಲ್ಲ," ಎಂದನಂತೆ, "ಹಾರ ಎಷ್ಟಕ್ಕ ಕೊಡ್ತೀರಿ ಅಂತ ಮೀಟಿಂಗಿನಾಗಿದ್ದಾಗೆಲ್ಲಾ ಮಂದಿ ನನಗ ಫೋನ್ ಹಚ್ಚತಾರ. ರಾಂಗ್ ನಂಬರ್ ಅಂತ ಇಟ್ಟಬಿಡ್ತೀನಿ."